ನಲವತ್ತು ಗಜದ ಓಟಕ್ಕೆ ನೀವು ಬರೆಯುವ ಸಮಯ: ಅಮೆರಿಕದ ಫುಟ್‌ಬಾಲ್ ನೇಮಕಾತಿ ನಡೆಸುವವರಿಗೆ ಬಹಿರಂಗ ಪತ್ರ

ಗೆ,
ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳ ನೇಮಕಾತಿ ಸಂಯೋಜಕರು,
ಬೇಸಿಗೆ ಕ್ಯಾಂಪ್‌ಗಳ ಸಂಘಟಕರು,
ಆಟಗಾರರ ಪ್ರೊಫೈಲ್ ಪ್ರಕಟಿಸುವ ಜಾಲತಾಣಗಳ ಸಂಪಾದಕರು,
ಹೈಸ್ಕೂಲ್ ಕೋಚ್‌ಗಳು

ಪ್ರತಿ: ಡಲ್ಲಾಸ್, ನ್ಯೂಜೆರ್ಸಿ, ಬೇ ಏರಿಯಾ ಮೊದಲಾದ ಕಡೆ ಮಕ್ಕಳನ್ನು ಈ ಆಟಕ್ಕೆ ಹಾಕಿರುವ ಕನ್ನಡದ ತಂದೆತಾಯಂದಿರಿಗೆ. ಈ ಪತ್ರ ಕನ್ನಡದಲ್ಲಿ ಇರುವುದು ಅವರಿಗಾಗಿಯೇ.

ವಿಷಯ: ನೇಮಕಾತಿಗೆ ಬರುವ ಆಟಗಾರರ 40 ಗಜದ ಓಟದ ಸಮಯವನ್ನು, ಅಳೆದ ವಿಧಾನ ತಿಳಿಸದೆ ಪ್ರಕಟಿಸುತ್ತಿರುವ ಬಗ್ಗೆ

ಮಾನ್ಯರೇ,

ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಆಡುತ್ತಾ ಕಾಲೇಜು ತಂಡ ಸೇರಲು ಬಯಸುವ ಹೈಸ್ಕೂಲ್ ಆಟಗಾರನೊಬ್ಬನ ಪ್ರೊಫೈಲ್ ತೆರೆದರೆ ಎತ್ತರ, ತೂಕ, ಓದಿನ ಅಂಕಗಳ ಪಕ್ಕದಲ್ಲೇ ಒಂದು ಸಂಖ್ಯೆ ಕೂತಿರುತ್ತದೆ: 4.42, ಇಲ್ಲವೇ 4.38. ನಲವತ್ತು ಗಜ, ಅಂದರೆ 36.58 ಮೀಟರ್ ಓಡಲು ಹುಡುಗ ತೆಗೆದುಕೊಂಡ ಸೆಕೆಂಡುಗಳು ಅವು. ಓಟ ಎಲ್ಲಿ ನಡೆಯಿತು, ಗಡಿಯಾರ ಯಾವ ಕ್ಷಣದಲ್ಲಿ ಶುರುವಾಯಿತು, ಯಾರು ನಿಲ್ಲಿಸಿದರು, ಗಾಳಿ ಯಾವ ಕಡೆಗಿತ್ತು, ಎಷ್ಟನೇ ಸಲ ಓಡಿದಾಗ ಬಂದ ಸಮಯ ಇದು, ಇವುಗಳಲ್ಲಿ ಒಂದನ್ನೂ ಅಲ್ಲಿ ಬರೆದಿರುವುದಿಲ್ಲ. ಆದರೂ ಅದೇ ಸಂಖ್ಯೆಯನ್ನು ಹಿಡಿದು ಕ್ಯಾಂಪಿಗೆ ಕರೆಯುತ್ತೀರಿ, ಪಟ್ಟಿಯಿಂದ ತೆಗೆಯುತ್ತೀರಿ, ಸ್ಕಾಲರ್‌ಶಿಪ್ ಮಾತಾಡುತ್ತೀರಿ. ಹೊಲ ಅಳೆಯುವ ಸರಪಳಿ ಊರಿಂದೂರಿಗೆ ಬೇರೆಯಾದರೆ ಪಹಣಿಯಲ್ಲಿ ಬರೆದ ಎಕರೆ-ಗುಂಟೆಗೆ ಎಷ್ಟು ಬೆಲೆಯೋ, ಈ ಸಂಖ್ಯೆಗೂ ಅಷ್ಟೇ ಬೆಲೆ.

ಟ್ರ್ಯಾಕ್ ಪಕ್ಕ ನಿಂತು ಸಮಯ ದಾಖಲಿಸುವ ಕೆಲಸ ಬಲ್ಲ ಕೆಲವರು ಸೇರಿ ಇದನ್ನು ಬರೆಯುತ್ತಿದ್ದೇವೆ. ಎಲ್ಲರೂ ಸುಳ್ಳು ಹೇಳುತ್ತಾರೆ ಎನ್ನುವುದು ನಮ್ಮ ದೂರಲ್ಲ. ಸುಳ್ಳು ಹೇಳುವವರಿದ್ದಾರೆ, ಆದರೆ ಅವರು ಸಣ್ಣ ಭಾಗ. ಯಾರೂ ಸುಳ್ಳು ಹೇಳದೆಯೇ 4.70 ಓಡಿದ ಹುಡುಗ ಕಾಗದದ ಮೇಲೆ 4.45 ಆಗುತ್ತಾನೆ. ಅಳತೆಯಲ್ಲಿ ತಪ್ಪು ಆಗುವುದು ಸಹಜ. ಇಲ್ಲಿ ಆಗುವ ತಪ್ಪುಗಳು ಮಾತ್ರ ಹೆಚ್ಚುಕಡಿಮೆ ಎಲ್ಲವೂ ಒಂದೇ ದಿಕ್ಕಿಗೆ, ಸಮಯ ಕಡಿಮೆ ತೋರಿಸುವ ಕಡೆಗೇ ವಾಲುತ್ತವೆ. ಅದು ಹೇಗೆ ಎಂಬುದನ್ನು ಬಿಡಿಸಿ ಹೇಳುವುದು ನಮ್ಮ ಮೊದಲ ಕೆಲಸ.

ಅದಕ್ಕೂ ಮುಂಚೆ ಒಂದು ಮಾನದಂಡ ಇಟ್ಟುಕೊಳ್ಳೋಣ. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ 30 ಮೀಟರ್ ದಾಟಿದ್ದು 3.78ಕ್ಕೆ, 40 ಮೀಟರ್ ದಾಟಿದ್ದು 4.64ಕ್ಕೆ. ಇವೆರಡರ ನಡುವೆ ಲೆಕ್ಕ ಹಾಕಿದರೆ 40 ಗಜದ ಗುರುತನ್ನು ಅವರು ದಾಟಿದ್ದು ಸುಮಾರು 4.35ಕ್ಕೆ. ಗುಂಡಿನ ಸದ್ದಿಗೆ ಸ್ಪಂದಿಸಲು ತೆಗೆದುಕೊಂಡ 0.146 ಸೆಕೆಂಡ್ ಕಳೆದರೆ ಸುಮಾರು 4.20. ಕಾಲಿಗೆ ಸ್ಪೈಕ್ಸ್, ಹಿಂದೆ ಸ್ಟಾರ್ಟಿಂಗ್ ಬ್ಲಾಕ್, ಕೆಳಗೆ ಸಿಂಥೆಟಿಕ್ ಟ್ರ್ಯಾಕ್, ಬೆನ್ನಿಗೆ ಸೆಕೆಂಡಿಗೆ 0.9 ಮೀಟರ್ ಗಾಳಿ. ಮನುಷ್ಯ ಇದುವರೆಗೆ ಓಡಿದ ಅತಿ ವೇಗದ ಓಟ ಅದು. ಈಗ ಫುಟ್‌ಬಾಲ್ ಬೂಟು, ಅಂದರೆ ಕ್ಲೀಟ್ಸ್, ಹಾಕಿಕೊಂಡು, ಎರಡು ಕಾಲು ಒಂದು ಕೈ ನೆಲಕ್ಕೂರಿದ ಭಂಗಿಯಿಂದ ಹುಲ್ಲಿನ ಮೇಲೆ ಎದ್ದು ಓಡುವ ಹದಿನಾರರ ಹುಡುಗನ ಹೆಸರಿನ ಮುಂದೆ 4.29 ಎಂದು ಬರೆಯುವಾಗ ಬರೆಯುವವರ ಕೈ ಒಂದು ಕ್ಷಣವಾದರೂ ತಡೆಯಬೇಕಿತ್ತು.

ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಹೊಸ ಆಟಗಾರರನ್ನು ಪರೀಕ್ಷಿಸುವ ಇಂಡಿಯಾನಾಪೊಲಿಸ್‌ನ ಶಿಬಿರದಲ್ಲಿ, ಅಂದರೆ ಕಂಬೈನ್‌ನಲ್ಲಿ, 4.2 ಬಂದಿಲ್ಲವೇ ಎಂದು ನೀವು ಕೇಳಬಹುದು. ಬಂದಿದೆ. 2008ರಲ್ಲಿ ಕ್ರಿಸ್ ಜಾನ್ಸನ್ 4.24, 2017ರಲ್ಲಿ ಜಾನ್ ರಾಸ್ 4.22, 2024ರಲ್ಲಿ ಝೇವಿಯರ್ ವರ್ಥಿ 4.21. ಆದರೆ ಅಲ್ಲಿ ಗಡಿಯಾರ ಹೇಗೆ ಓಡುತ್ತದೆ ಎಂಬುದನ್ನೂ ನೋಡಬೇಕು. ಕಂಬೈನ್‌ನಲ್ಲಿ ಗುಂಡು ಹಾರಿಸುವುದಿಲ್ಲ. ಆಟಗಾರ ತನಗೆ ಬೇಕೆನಿಸಿದಾಗ ಹೊರಡುತ್ತಾನೆ. ಅವನ ಮೊದಲ ಚಲನೆ ಕಂಡಾಗ ಒಬ್ಬ ವ್ಯಕ್ತಿ ಕೈಯಿಂದ ಗಡಿಯಾರ ಶುರು ಮಾಡುತ್ತಾನೆ. ಕೊನೆಯಲ್ಲಿ ಅದನ್ನು ನಿಲ್ಲಿಸುವುದು ಬೀಮ್, ಅಂದರೆ ಗೆರೆಗೆ ಅಡ್ಡ ಹಾಯಿಸಿದ, ಓಟಗಾರ ಕಡಿದು ಹೋಗುವ ಬೆಳಕಿನ ಕಿರಣ. ಅಂದರೆ ಅರ್ಧ ಕೈ, ಅರ್ಧ ಯಂತ್ರ. ಈ ಆಟದಲ್ಲೇ ಅತ್ಯಂತ ನಂಬಿಕೆಯ ಸಮಯ ಎನ್ನುವುದೂ ಅಥ್ಲೆಟಿಕ್ಸ್‌ನ ಲೆಕ್ಕದಲ್ಲಿ ಪೂರ್ಣ ಸ್ವಯಂಚಾಲಿತವಲ್ಲ. ಹಾಗಿದ್ದೂ ನಾವು ಅದನ್ನು ಒಪ್ಪುತ್ತೇವೆ, ಏಕೆಂದರೆ ಅಲ್ಲಿ ಎಲ್ಲರೂ ಒಂದೇ ನೆಲದ ಮೇಲೆ, ಒಂದೇ ಕ್ರಮದಲ್ಲಿ ಓಡುತ್ತಾರೆ, ಎಲ್ಲರೆದುರು ಓಡುತ್ತಾರೆ. ಒಬ್ಬರನ್ನು ಇನ್ನೊಬ್ಬರೊಂದಿಗೆ ಹೋಲಿಸಬಹುದು. ನಿಮ್ಮ ಜಾಲತಾಣಗಳ ಪಟ್ಟಿಯಲ್ಲಿ ಅಕ್ಕಪಕ್ಕ ಇರುವ ಇಬ್ಬರು ಹುಡುಗರನ್ನು ಹಾಗೆ ಹೋಲಿಸಲು ಆಗುವುದಿಲ್ಲ.

ಈಗ ಸ್ಟಾಪ್‌ವಾಚಿನ ವಿಷಯ. ಹೈಸ್ಕೂಲ್ ಮೈದಾನಗಳಲ್ಲಿ, ಎಷ್ಟೋ ಕ್ಯಾಂಪ್‌ಗಳಲ್ಲಿ ಇವತ್ತಿಗೂ ನಡೆಯುವುದು ಇದೇ. ಕೋಚ್ ಫಿನಿಶ್ ಗೆರೆಯ ಬಳಿ ನಿಂತಿರುತ್ತಾರೆ. ಹುಡುಗ ನಲವತ್ತು ಗಜ ದೂರದಲ್ಲಿ ಬಗ್ಗಿರುತ್ತಾನೆ. ಗುಂಡೂ ಇಲ್ಲ, ಹೊಗೆಯೂ ಇಲ್ಲ. ಅಷ್ಟು ದೂರದಿಂದ ಬೆರಳು ನೆಲ ಬಿಟ್ಟಿದ್ದು ಕಾಣುವುದಿಲ್ಲ, ಬೆನ್ನು ಮೇಲೆದ್ದಾಗಷ್ಟೇ ಕಾಣುತ್ತದೆ. ಕಂಡದ್ದು ತಲೆಗೆ ಹೋಗಿ ಹೆಬ್ಬೆರಳಿಗೆ ಬರುವುದಕ್ಕೆ ಸುಮಾರು 0.2 ಸೆಕೆಂಡ್ ಬೇಕು. ಅಷ್ಟು ಹೊತ್ತು ಹುಡುಗ ಓಡುತ್ತಿರುತ್ತಾನೆ, ಗಡಿಯಾರ ನಿಂತಿರುತ್ತದೆ. ಕೊನೆಯಲ್ಲಿ ಈ ತಡ ಆಗುವುದಿಲ್ಲ. ಎದುರಿಗೆ ಬರುತ್ತಿರುವ ಓಟಗಾರ ಯಾವಾಗ ಗೆರೆ ದಾಟುತ್ತಾನೆ ಎಂಬುದನ್ನು ಕಣ್ಣು ಮೊದಲೇ ಊಹಿಸುತ್ತದೆ, ಹೆಬ್ಬೆರಳು ಸರಿಯಾಗಿ ಆ ಹೊತ್ತಿಗೆ, ಕೆಲವೊಮ್ಮೆ ಸ್ವಲ್ಪ ಮುಂಚೆಯೇ, ಒತ್ತುತ್ತದೆ. ಶುರುವಿನಲ್ಲಿ ತಡ, ಕೊನೆಯಲ್ಲಿ ಅವಸರ. ಎರಡೂ ಹುಡುಗನ ಪರ.

ಕೋಚ್ ನಿಂತ ಜಾಗವೂ ಲೆಕ್ಕಕ್ಕೆ ಬರುತ್ತದೆ. ಓಟಗಾರ ಎದುರಿಗೆ ಬರುವುದು ಚೆನ್ನಾಗಿ ಕಾಣಲಿ ಎಂದು ಹೆಚ್ಚಿನವರು ಗೆರೆಯಿಂದ ಒಂದೆರಡು ಹೆಜ್ಜೆ ಆಚೆಗೇ ನಿಲ್ಲುತ್ತಾರೆ. ಗೆರೆಯ ಗುರುತಿಗೆ ಇಟ್ಟ ಕೋನ್‌ನಿಂದ ಬದಿಗೆ 3 ಮೀಟರ್, ಗೆರೆಯಿಂದ ಮುಂದಕ್ಕೆ 1 ಮೀಟರ್ ದೂರದಲ್ಲಿ ಕೋಚ್ ಇದ್ದಾರೆ, ಹುಡುಗ ಕೋನ್‌ನ ಆಚೆ 1 ಮೀಟರ್ ಬಿಟ್ಟು ಓಡುತ್ತಾನೆ ಎಂದಿಟ್ಟುಕೊಳ್ಳಿ. ಕೋಚ್ ಕಣ್ಣಿಗೆ ಹುಡುಗ ಕೋನಿನ ನೇರಕ್ಕೆ ಬಂದಂತೆ ಕಾಣುವಾಗ ಅವನಿನ್ನೂ ಗೆರೆಗಿಂತ 33 ಸೆಂಟಿಮೀಟರ್ ಹಿಂದಿರುತ್ತಾನೆ. ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಅದು 0.037 ಸೆಕೆಂಡ್. ಬರೀ ನಿಂತ ಜಾಗದಿಂದ ಹೋದದ್ದು ಇಷ್ಟು.

ಇದಕ್ಕೆ ಮದ್ದು ಎಂದು ಕೆಲವು ಕಡೆ ಕೈ ಸಮಯಕ್ಕೆ 0.24 ಕೂಡಿಸಿ ಎಲೆಕ್ಟ್ರಾನಿಕ್ ಎಂದು ಬರೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ 0.24 ಅಥ್ಲೆಟಿಕ್ಸ್‌ನ 100 ಮತ್ತು 200 ಮೀಟರ್ ಓಟಗಳದ್ದು. ಅಲ್ಲಿ ಗಡಿಯಾರ ಹಿಡಿದವರು ಗುಂಡಿನ ಹೊಗೆ ನೋಡಿ ಒತ್ತುತ್ತಾರೆ, ಓಟಗಾರ ಗುಂಡಿಗೆ ಸ್ಪಂದಿಸುವ ಹೊತ್ತೂ ಆ ಸಮಯದೊಳಗೆ ಸೇರಿರುತ್ತದೆ. 40 ಗಜದಲ್ಲಿ ಗುಂಡೇ ಇಲ್ಲ. ಒಬ್ಬ ಕೋಚಿನ ಹೆಬ್ಬೆರಳು 0.15 ತಡ ಮಾಡಿದರೆ ಇನ್ನೊಬ್ಬರದ್ದು 0.30 ತಡ ಮಾಡುತ್ತದೆ. ಗೊತ್ತಿಲ್ಲದ ತಪ್ಪಿಗೆ ಗೊತ್ತಿರುವ ಸಂಖ್ಯೆ ಕೂಡಿಸಿದರೆ ತಪ್ಪು ಸರಿಹೋಗುವುದಿಲ್ಲ, ಮುಚ್ಚಿಹೋಗುತ್ತದೆ ಅಷ್ಟೆ.

ದೂರದ ಅಳತೆಯನ್ನಂತೂ ಯಾರೂ ಕೇಳುವುದೇ ಇಲ್ಲ. ಫುಟ್‌ಬಾಲ್ ಮೈದಾನದಲ್ಲಿ ಗಜದ ಗೆರೆಗಳು ಇದ್ದೇ ಇರುತ್ತವಲ್ಲ ಎಂಬ ಧೈರ್ಯ. ಆದರೆ ಗಜದ ಗೆರೆ 4 ಇಂಚು ಅಗಲ, ಗೋಲ್ ಲೈನ್ ಎಷ್ಟೋ ಕಡೆ 8 ಇಂಚು ಅಗಲ. ಗೆರೆಯ ಯಾವ ಅಂಚಿನಿಂದ ಯಾವ ಅಂಚಿಗೆ ಓಡಿಸಿದಿರಿ? 8 ಇಂಚು ಎಂದರೆ ಓಟದ ಕೊನೆಯ ವೇಗದಲ್ಲಿ 0.02 ಸೆಕೆಂಡ್. ಗೆರೆಗಳಿಲ್ಲದ ಕಡೆ ಹೆಜ್ಜೆ ಹಾಕಿ ಅಳೆಯುವವರೂ ಇದ್ದಾರೆ. ಹಾಗೆ ಅಳೆದು ಒಂದು ಗಜ ಕಡಿಮೆಯಾದರೆ ಸಮಯದಲ್ಲಿ ಸುಮಾರು ಒಂದು ಹತ್ತನೇ ಸೆಕೆಂಡ್ ಇಳಿಯುತ್ತದೆ. 4.58 ಹೋಗಿ 4.48 ಆಗಲು ಒಂದು ಗಜ ಸಾಕು. ಇಳಿಜಾರಿನ ಮಾತೂ ಇದೆ. ಅಥ್ಲೆಟಿಕ್ಸ್ ಟ್ರ್ಯಾಕಿನಲ್ಲಿ ಓಡುವ ದಿಕ್ಕಿಗೆ ಸಾವಿರಕ್ಕೆ ಒಂದಕ್ಕಿಂತ ಹೆಚ್ಚು ಇಳಿಜಾರು ಇರಬಾರದು. ಫುಟ್‌ಬಾಲ್ ಮೈದಾನವನ್ನು ಮಳೆನೀರು ಹರಿಯಲೆಂದು ನಡುವೆ ಎತ್ತರ, ಬದಿಗಳಿಗೆ ತಗ್ಗು ಮಾಡಿಯೇ ಕಟ್ಟುತ್ತಾರೆ. ಉದ್ದಕ್ಕೆ ಓಡಿಸಿದರೆ ತೊಂದರೆ ಕಡಿಮೆ. ಜಾಗ ಉಳಿಸಲು ಅಡ್ಡಕ್ಕೆ ಓಡಿಸಿದರೆ ಏರಿ ಇಳಿಯುವ ಓಟವಾಗುತ್ತದೆ, ಓಟಗಾರ ಅತಿ ವೇಗದಲ್ಲಿರುವ ಕೊನೆಯ ಭಾಗ ಇಳಿಜಾರಿಗೆ ಬೀಳುತ್ತದೆ.

ಗಾಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದಿನಿಂದ ಸೆಕೆಂಡಿಗೆ 2 ಮೀಟರ್ ಗಾಳಿ ಬೀಸಿದರೆ 100 ಮೀಟರಿನಲ್ಲಿ ಸುಮಾರು 0.1 ಸೆಕೆಂಡ್ ಉಳಿಯುತ್ತದೆ, ಗಾಳಿ ಆ 2 ಮೀಟರನ್ನು ಮೀರಿದರೆ ದಾಖಲೆ ಊರ್ಜಿತವಲ್ಲ. 40 ಗಜದಲ್ಲಿ ಲಾಭ ಅದಕ್ಕಿಂತ ಕಡಿಮೆ. ಆದರೆ ಕ್ಯಾಂಪಿನ ಬೆಳಗ್ಗೆ ಗಾಳಿ ನೋಡಿಕೊಂಡು ಕೋನ್‌ಗಳನ್ನು ತಿರುಗಿಸಿಡುವುದು ಎಲ್ಲರಿಗೂ ಗೊತ್ತಿರುವ ಅಭ್ಯಾಸ. ಗಾಳಿಗೆ ಎದುರಾಗಿ ಓಡಿಸಿದ ಕ್ಯಾಂಪ್ ಯಾವುದಾದರೂ ಇದ್ದರೆ ತಿಳಿಸಿ.

ಲೇಸರ್ ಟೈಮಿಂಗ್ ಎಂದು ಬ್ಯಾನರ್ ಕಟ್ಟಿದ ಕ್ಯಾಂಪ್‌ಗಳಿಗೂ ಒಂದೆರಡು ಮಾತು. ಯಂತ್ರ ಇದ್ದ ಮಾತ್ರಕ್ಕೆ ಸಮಯ ನಿಜವಾಗುವುದಿಲ್ಲ. ಯಂತ್ರವನ್ನು ಎಲ್ಲಿಟ್ಟಿರಿ ಎಂಬುದೇ ಎಲ್ಲ. ಶುರುವಿನಲ್ಲೂ ಬೀಮ್ ಇರುವ ಗೇಟ್ ಇಟ್ಟು, ಹುಡುಗನನ್ನು ಅದಕ್ಕಿಂತ ಅರ್ಧ ಮೀಟರ್ ಹಿಂದೆ ನಿಲ್ಲಿಸಿದರೆ ಅವನು ಬೀಮ್ ಕಡಿಯುವ ಹೊತ್ತಿಗೆ ಆಗಲೇ ವೇಗ ಹಿಡಿದಿರುತ್ತಾನೆ. ನಿಂತಲ್ಲಿಂದ ಮೊದಲ ಅರ್ಧ ಮೀಟರ್ ಎಂದರೆ ಓಟದಲ್ಲೇ ಅತಿ ನಿಧಾನದ ಭಾಗ. ಅದನ್ನು ಗಡಿಯಾರದ ಹೊರಗಿಟ್ಟರೆ 0.2 ಸೆಕೆಂಡಿಗಿಂತ ಹೆಚ್ಚೇ ಉಳಿಯುತ್ತದೆ. ಸ್ಟಾಪ್‌ವಾಚಿನ ಉಡುಗೊರೆಯನ್ನೇ ಯಂತ್ರವೂ ಕೊಟ್ಟಂತಾಯಿತು, ಮೇಲೆ ಎಲೆಕ್ಟ್ರಾನಿಕ್ ಎಂಬ ಮುದ್ರೆ ಬೇರೆ. ಟಚ್‌ಪ್ಯಾಡ್ ಇದಕ್ಕಿಂತ ಮೇಲು. ಕೈ ಎತ್ತಿದ ಕೂಡಲೇ ಗಡಿಯಾರ ಶುರು. ಆದರೆ ಅಲ್ಲಿಯೂ ಅಭ್ಯಾಸವಾದ ಹುಡುಗ ಸೊಂಟವನ್ನು ಮುಂದಕ್ಕೆ ದೂಡಿ, ಭಾರವನ್ನೆಲ್ಲ ಗೆರೆಯ ಆಚೆ ಹಾಕಿ, ಕೊನೆಗೆ ಕೈ ಬಿಡುತ್ತಾನೆ. ಅದಕ್ಕೇ ಕೈ ಊರಿದ ಮೇಲೆ ಮೈ ಪೂರ್ತಿ ನಿಶ್ಚಲವಾಗಬೇಕು, ತೂಗಾಡಿದರೆ ಎಬ್ಬಿಸಿ ಮತ್ತೆ ನಿಲ್ಲಿಸಬೇಕು ಎನ್ನುವ ಒಬ್ಬರು ಪಕ್ಕದಲ್ಲಿ ಇರಲೇಬೇಕು. ಫಿನಿಶ್ ಗೇಟಿನಲ್ಲಿ ಒಂದೇ ಬೀಮ್ ಇದ್ದರೆ ಎದೆಗಿಂತ ಮುಂಚೆ ಚಾಚಿದ ಕೈಯೋ ಮೇಲೆದ್ದ ಮಂಡಿಯೋ ಅದನ್ನು ಕಡಿಯುತ್ತದೆ. ಮೇಲೊಂದು ಕೆಳಗೊಂದು ಬೀಮ್ ಇದ್ದು, ಎರಡೂ ಒಟ್ಟಿಗೆ ಕಡಿದಾಗ ಮಾತ್ರ ನಿಲ್ಲುವ ಗೇಟ್ ಆದರೆ ಈ ತಪ್ಪು ಬಹುಪಾಲು ತಪ್ಪುತ್ತದೆ.

ಓಟ ಮುಗಿದ ಮೇಲೆ ಇನ್ನೊಂದು ಹಂತ ಇದೆ. ಕಾಗದದ ಮೇಲೆ ನಡೆಯುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಮೂವರು ಕೋಚ್‌ಗಳ ವಾಚಿನಲ್ಲಿ 4.61, 4.55, 4.49 ಬಂದರೆ ಯಾವುದನ್ನು ಬರೆಯುತ್ತೀರಿ? ಅಥ್ಲೆಟಿಕ್ಸ್ ನಿಯಮ ಸ್ಪಷ್ಟ: ಮೂರೂ ಬೇರೆಯಾದರೆ ನಡುವಿನದ್ದು, ಇಬ್ಬರದ್ದು ಒಂದೇ ಆದರೆ ಅದು, ಎರಡೇ ವಾಚಿದ್ದು ಬೇರೆಬೇರೆ ಬಂದರೆ ಹೆಚ್ಚಿನದ್ದು. ಕೈ ಸಮಯವನ್ನು ಮೇಲಿನ ಹತ್ತನೇ ಸೆಕೆಂಡಿಗೆ ಏರಿಸಬೇಕು, 4.55 ಎಂದರೆ 4.6. ಹೆಬ್ಬೆರಳಿನಿಂದ ಒತ್ತಿದ ಗಡಿಯಾರಕ್ಕೆ ನೂರನೇ ಭಾಗ ಹೇಳುವ ಯೋಗ್ಯತೆ ಇಲ್ಲ ಎಂಬುದು ಆ ನಿಯಮದ ಹಿಂದಿನ ತಿಳಿವಳಿಕೆ. ನೇಮಕಾತಿ ಲೋಕದಲ್ಲಿ ನಡೆಯುವುದು ತಿರುಗುಮುರುಗು. 4.49 ಬರೆಯುತ್ತಾರೆ. ಮೂರು ಸಲ ಓಡಿದ್ದರೆ ಮೂರರಲ್ಲಿ ಕಡಿಮೆಯದ್ದನ್ನು ತೆಗೆದುಕೊಳ್ಳುತ್ತಾರೆ. ಅಂದರೆ ಒಂಬತ್ತು ವಾಚ್ ಓದುಗಳಲ್ಲಿ ಅತಿ ಕಡಿಮೆಯದು ಉಳಿಯಿತು. ಅದು ಹುಡುಗನ ಅತ್ಯುತ್ತಮ ಓಟವೇ ಆಗಿರಬೇಕೆಂದಿಲ್ಲ, ಯಾರದೋ ಹೆಬ್ಬೆರಳಿನ ಅತಿ ದೊಡ್ಡ ತಪ್ಪೂ ಆಗಿರಬಹುದು. ಮುಂದಿನ ಋತುವಿನ ಹೊತ್ತಿಗೆ ಅದೇ 4.49 ಹುಡುಗನ ಬಾಯಲ್ಲಿ 4.4 ಆಗಿರುತ್ತದೆ.

ಬರೆದ ಸಮಯವನ್ನು 100 ಮೀಟರ್ ಓಟದ ಜೊತೆ ಇಟ್ಟು ನೋಡಬಹುದು. 2019ರ ಕಂಬೈನ್‌ನಲ್ಲಿ ಫುಟ್‌ಬಾಲ್ ಆಟಗಾರ ಡಿ.ಕೆ. ಮೆಟ್‌ಕಾಫ್ 4.33 ಓಡಿದರು. 2021ರ ಮೇ ತಿಂಗಳಲ್ಲಿ ಅವರು ಕ್ಯಾಲಿಫೋರ್ನಿಯಾದ ವಾಲ್‌ನಟ್‌ನಲ್ಲಿ ನಿಜವಾದ ಓಟಗಾರರ ಜೊತೆ 100 ಮೀಟರ್ ಓಡಿ, ತಮ್ಮ ಹೀಟ್‌ನಲ್ಲಿ ಕೊನೆಯವರಾದರು. ಫೋಟೊ ಫಿನಿಶ್‌ನಲ್ಲಿ ಬಂದದ್ದು 10.363, ಮೇಲಕ್ಕೇ ಏರಿಸಬೇಕೆಂಬ ನಿಯಮದಂತೆ ಅದು 10.37. ಹೀಟ್‌ನಲ್ಲಿ ಕೊನೆಯ ಸ್ಥಾನ ನೋಡಿ ನಕ್ಕವರಿದ್ದಾರೆ, ಅದಕ್ಕೆ ಕಾರಣವಿಲ್ಲ. ಆ ಮೈಕಟ್ಟಿನ ಆಟಗಾರನಿಗೆ ಅದು ಬೆರಗುಗೊಳಿಸುವ ಸಮಯ, ಅವರ 4.33 ನಿಜ ಎಂಬುದಕ್ಕೆ ಸಾಕ್ಷಿಯೂ ಹೌದು. ಈಗ ನಿಮ್ಮ ಪಟ್ಟಿಗಳತ್ತ ಬನ್ನಿ. 4.40 ಎಂದು ಬರೆದಿರುವ ಹುಡುಗ ಅದೇ ವಸಂತದಲ್ಲಿ ಶಾಲೆಯ ಟ್ರ್ಯಾಕ್ ಕೂಟದಲ್ಲಿ 100 ಮೀಟರನ್ನು ಸ್ವಯಂಚಾಲಿತ ಟೈಮಿಂಗ್‌ನಲ್ಲಿ 11.50ಕ್ಕೆ ಓಡಿದ್ದಾನೆ ಎನ್ನೋಣ. ಗುಂಡಿಗೆ ಸ್ಪಂದಿಸಲು 0.17 ಬಿಟ್ಟರೆ ಅವನು 36.58 ಮೀಟರ್ ದಾಟಬೇಕಾದದ್ದು 4.57ಕ್ಕೆ. ಉಳಿದ 63.42 ಮೀಟರಿಗೆ 6.93 ಸೆಕೆಂಡ್ ಉಳಿಯಿತು. ಸರಾಸರಿ ಸೆಕೆಂಡಿಗೆ 9.15 ಮೀಟರ್. ನಿಜಕ್ಕೂ 4.40 ಓಡುವವನ ವೇಗ 40 ಗಜದ ಗುರುತಿನಲ್ಲೇ ಸೆಕೆಂಡಿಗೆ 10 ಮೀಟರಿನ ಹತ್ತಿರ ಇರುತ್ತದೆ, ಅಲ್ಲಿಂದ ಮುಂದೆ ಇನ್ನಷ್ಟು ಏರಬೇಕು. ಈ ಹುಡುಗ ಮಾತ್ರ ಗುರುತು ದಾಟಿದ ಕೂಡಲೇ ನಿಧಾನವಾಗತೊಡಗಬೇಕು! ದಮ್ಮು ಕಡಿಮೆ ಇರಬಹುದು, ಎದುರು ಗಾಳಿ ಇರಬಹುದು, ಬ್ಲಾಕ್ ಬಳಸಿ ಅಭ್ಯಾಸವಿಲ್ಲದಿರಬಹುದು. ಇವನ್ನೆಲ್ಲ ಬಿಟ್ಟುಕೊಟ್ಟರೂ 11.50ರ ಹುಡುಗ ಕಂಬೈನ್ ಕ್ರಮದಲ್ಲಿ 4.6ರಿಂದ 4.8ರ ನಡುವೆ ಇರುತ್ತಾನೆ. ಹೈಸ್ಕೂಲ್ ಕೂಟಗಳ ಫಲಿತಾಂಶ ಎಲ್ಲರಿಗೂ ತೆರೆದಿರುತ್ತದೆ. ಪ್ರಕಟಿಸುವ ಮುನ್ನ ಅದನ್ನು ತೆಗೆದು ನೋಡಲು ಐದು ನಿಮಿಷ ಸಾಕು. ನೋಡುವುದಿಲ್ಲ, ಏಕೆಂದರೆ ನೋಡಿದರೆ ಸುದ್ದಿಯ ತಲೆಬರಹ ಹೋಗುತ್ತದೆ.

ಹೌದು, ಇಲ್ಲಿ ಎಲ್ಲರಿಗೂ ಸಣ್ಣ ಸಂಖ್ಯೆಯೇ ಬೇಕು. ಕ್ಯಾಂಪ್ ನಡೆಸುವವರಿಗೆ ಮುಂದಿನ ವರ್ಷದ ನೋಂದಣಿ, ಕೋಚಿಗೆ ತನ್ನ ಹುಡುಗ ದೊಡ್ಡ ಕಾಲೇಜಿಗೆ ಹೋದ ಹೆಮ್ಮೆ, ಜಾಲತಾಣಕ್ಕೆ ಓದುಗರು, ಮನೆಯವರಿಗೆ ಆಸೆ. ನಷ್ಟ ಯಾರಿಗೆ? ಸರಿಯಾಗಿ ಅಳೆಯುವ ಕೋಚಿನ ಕೈಕೆಳಗೆ 4.68 ಎಂದು ಬರೆಸಿಕೊಂಡ ಹುಡುಗನಿಗೆ. ನೀವು ಸ್ಪ್ರೆಡ್‌ಶೀಟಿನಲ್ಲಿ 4.6ಕ್ಕೆ ಗೆರೆ ಎಳೆದ ಕ್ಷಣ ಅವನು ಮಾಯ. ಅವನಷ್ಟೇ ವೇಗದ, ಪಕ್ಕದ ಜಿಲ್ಲೆಯ ಹುಡುಗ 4.47 ಎಂದು ಬರೆಸಿಕೊಂಡು ಪಟ್ಟಿಯ ಮೇಲ್ಭಾಗದಲ್ಲಿ ಇರುತ್ತಾನೆ. ಅವನಿಗೂ ಇದು ಉಪಕಾರವಲ್ಲ. ಕಾಲೇಜಿನ ಮೈದಾನಕ್ಕೆ ಬಂದು ಗೇಟುಗಳ ನಡುವೆ ಓಡಿದ ದಿನ 4.71 ಬರುತ್ತದೆ, ಆಗ ಅವನು ಸುಳ್ಳುಗಾರ ಅನ್ನಿಸಿಕೊಳ್ಳುತ್ತಾನೆ. ಸಂಖ್ಯೆ ಬರೆದವರು ಆ ಹೊತ್ತಿಗೆ ಅಲ್ಲಿರುವುದಿಲ್ಲ.

ಇನ್ನು ಈ ಸಂಖ್ಯೆಗೆ ಕೊಡುವ ತೂಕದ ಬಗ್ಗೆ. 4.22ರ ಜಾನ್ ರಾಸ್ ಅವರನ್ನು 2017ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಸರದಿಯಂತೆ ಆರಿಸುವಾಗ, 9ನೆಯವರಾಗಿ ಆರಿಸಿದರು. ಮೊದಲ ಋತುವಿನಲ್ಲಿ ಅವರು ಒಂದು ಪಾಸ್ ಕೂಡ ಹಿಡಿಯಲಿಲ್ಲ. 2003ರಲ್ಲಿ 4.7ರ ಆಸುಪಾಸು ಓಡಿದ ಆಂಕ್ವಾನ್ ಬೋಲ್ಡಿನ್ ಅದೇ ವರ್ಷ 101 ಪಾಸ್ ಹಿಡಿದರು. ಒಂದೊಂದು ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ ಎಂದು ನಮಗೂ ಗೊತ್ತು. ಒಂದೇ ಕ್ರಮದಲ್ಲಿ, ಸಾರ್ವಜನಿಕವಾಗಿ ಅಳೆದ ಸಮಯವೇ ಇಷ್ಟು ಅಳೆದು ನೋಡಬೇಕಾದ ಸಂಗತಿಯಾದರೆ, ಅಳೆಯದೆ ಬರೆದದ್ದಕ್ಕೆ ಅಷ್ಟು ಮನ್ನಣೆ ಏಕೆ ಎಂಬುದಷ್ಟೇ ನಮ್ಮ ಪ್ರಶ್ನೆ. ಈಚೆಗೆ 40 ಗಜದ ಜಾಗದಲ್ಲಿ ಜಿಪಿಎಸ್ ಜಾಕೆಟ್ ತೋರಿಸಿದ ಗಂಟೆಗೆ 22 ಮೈಲಿ ಎಂಬ ಬರಹ ಹೆಚ್ಚಾಗಿದೆ. ಅದು ಬೇರೆ ಅಳತೆ. ಅತಿ ಹೆಚ್ಚಿನ ವೇಗ ಅದು, ನಿಂತಲ್ಲಿಂದ ಆ ವೇಗಕ್ಕೆ ಏರಲು ಹಿಡಿದ ಹೊತ್ತಲ್ಲ. ಒಂದರ ಬದಲು ಇನ್ನೊಂದನ್ನು ಬರೆಯಲು ಬರುವುದಿಲ್ಲ. ಯಾವ ಸಾಧನ, ಪಂದ್ಯದಲ್ಲೋ ಅಭ್ಯಾಸದಲ್ಲೋ ಎಂಬುದನ್ನು ಅದಕ್ಕೂ ಬರೆಯಬೇಕು.

ಮಾನ್ಯರೇ, ನಮ್ಮ ಬೇಡಿಕೆಗಳು ದುಬಾರಿಯವಲ್ಲ.

ಜಾಲತಾಣಗಳ ಸಂಪಾದಕರಲ್ಲಿ ಮೊದಲ ಕೋರಿಕೆ. ಸಮಯದ ಪಕ್ಕದಲ್ಲಿ ವಿಧಾನ ಬರೆಯಿರಿ, ವಿಧಾನ ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ. ಹೀಗೆ ಬರೆದರೆ ಸಾಕು: 40 ಗಜ 4.71, ಆರಂಭ ಟಚ್‌ಪ್ಯಾಡ್, ಬಲಗೈ, ಅಂತ್ಯ ಎರಡು ಬೀಮಿನ ಗೇಟ್, ಕೃತಕ ಹುಲ್ಲು, ಕ್ಲೀಟ್ಸ್, ಹಿಂದಿನಿಂದ ಗಾಳಿ 1.1, ಎರಡು ಓಟ, 4.71 ಮತ್ತು 4.76, ಜೊತೆಗೆ ಸ್ಥಳ ಮತ್ತು ದಿನಾಂಕ. ಒಂದು ಸಾಲು. ಕೈ ಸಮಯವಾದರೆ ನೂರನೇ ಭಾಗ ಬೇಡ, 4.7 ಕೈ ಎಂದಷ್ಟೇ ಬರೆಯಿರಿ. ಕೈ ಸಮಯವನ್ನೂ ಗೇಟ್ ಸಮಯವನ್ನೂ ಒಂದೇ ಪಟ್ಟಿಯಲ್ಲಿ ಕಲಸಿ ಕ್ರಮಾಂಕ ಕೊಡಬೇಡಿ. ಹುಡುಗನೋ ಮನೆಯವರೋ ಹೇಳಿದ ಸಮಯವನ್ನು ಪ್ರಕಟಿಸಲೇಬೇಡಿ.

ಕ್ಯಾಂಪ್ ಸಂಘಟಕರು ದೂರವನ್ನು ಉಕ್ಕಿನ ಟೇಪಿನಿಂದ ಅಳೆಯಲಿ. ಫೈಬರ್ ಟೇಪ್ ಎಳೆದರೆ ಹಿಗ್ಗುತ್ತದೆ. ಆರಂಭದ ಗೆರೆಯಲ್ಲಿ ಹುಡುಗ ಕೈಯೂರಬೇಕಾದ ಅಂಚಿನಿಂದ ಫಿನಿಶ್ ಬೀಮಿನ ನೇರಕ್ಕೆ 36.58 ಮೀಟರ್ ಇರಬೇಕು. ಪ್ರತಿ ಹುಡುಗನಿಗೂ ಇಷ್ಟೇ ಓಟ ಎಂದು ಮೊದಲೇ ನಿಗದಿ ಮಾಡಿ, ಓಡಿದ ಎಲ್ಲ ಸಮಯಗಳನ್ನೂ ಕೊಡಿ. ಗೇಟ್ ಕೊಳ್ಳಲು ಆಗದಿದ್ದರೆ ಮೂವರು ವಾಚ್ ಹಿಡಿಯಿರಿ, ಮೂವರೂ ಫಿನಿಶ್ ಗೆರೆಯ ನೇರದಲ್ಲೇ, ಲೇನಿನಿಂದ 5 ಮೀಟರಾದರೂ ದೂರ ನಿಲ್ಲಿ, ಒಬ್ಬರ ಓದನ್ನು ಇನ್ನೊಬ್ಬರಿಗೆ ಹೇಳದೆ ಬರೆದುಕೊಳ್ಳಿ, ನಡುವಿನದ್ದನ್ನು ತೆಗೆದುಕೊಳ್ಳಿ. ಗೇಟ್ ಇದ್ದವರು ಮೊದಲ 10 ಗಜದ ಸಮಯವನ್ನೂ ಬರೆಯಿರಿ. ಮುಂಚೂಣಿಯ ಸಾಲಿನಲ್ಲಿ, ಅಂದರೆ ಲೈನಿನಲ್ಲಿ, ಆಡುವ ದೈತ್ಯ ಹುಡುಗನಿಗೆ ನಲವತ್ತು ಗಜ ಓಡುವ ಸಂದರ್ಭ ಪಂದ್ಯದಲ್ಲಿ ಬರುವುದೇ ಅಪರೂಪ, ಅವನ ಕೆಲಸವೆಲ್ಲ ಆ ಹತ್ತು ಗಜದೊಳಗೇ.

ಕಾಲೇಜುಗಳ ನೇಮಕಾತಿ ಸಂಯೋಜಕರಲ್ಲಿ ಒಂದೇ ಮಾತು. ವಿಧಾನ ಗೊತ್ತಿಲ್ಲದ ಸಮಯಕ್ಕೆ ಕಟ್-ಆಫ್ ಹಾಕಬೇಡಿ. ಟ್ರ್ಯಾಕ್ ಕೂಟದ ಸ್ವಯಂಚಾಲಿತ 100 ಮೀಟರ್ ಸಮಯ ಇದ್ದರೆ ಅದನ್ನೇ ಮೊದಲು ನೋಡಿ. ಅದಿಲ್ಲದ ಹುಡುಗರಿಗೆ ನಿಮ್ಮ ಮೈದಾನದಲ್ಲಿ ನಿಮ್ಮ ಗೇಟಿನಲ್ಲಿ ಓಡಿಸಿ ನೋಡಿ ತೀರ್ಮಾನಿಸಿ.

ತಂದೆತಾಯಂದಿರೇ, 4.4 ಬರುವುದು ಗ್ಯಾರಂಟಿ ಎಂದು ಹಣ ಕೇಳುವವರಿಂದ ದೂರವಿರಿ. ಮಗನ ಸಮಯ ನಿಜಕ್ಕೂ ಎಷ್ಟು ಎಂದು ತಿಳಿಯಲು ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಫೋನ್, ಒಂದು ಟ್ರೈಪಾಡ್, ಒಂದು ಕಂಬ, ಒಂದು ಉಕ್ಕಿನ ಟೇಪ್ ಸಾಕು. ಮೈದಾನದ ಒಂದು ಬದಿಯ ಅಂಚಿಗೆ 40 ಗಜ ಗುರುತು ಮಾಡಿ. ಅದರ ಸರಿಮಧ್ಯದ, ಅಂದರೆ 20 ಗಜದ ಗುರುತಿನ ಎದುರು, ಲೇನಿನಿಂದ 40 ಗಜ ದೂರದಲ್ಲಿ ಫೋನ್ ನಿಲ್ಲಿಸಿ. ಓಟ ಪೂರ್ತಿ ಚೌಕಟ್ಟಿನೊಳಗೆ ಬರಬೇಕು, ಫೋನ್ ತಿರುಗಿಸಬಾರದು. ಫಿನಿಶ್ ಕಂಬವನ್ನು ಲೇನಿನ ಮೇಲೆ ನೆಡಲು ಆಗುವುದಿಲ್ಲವಲ್ಲ; ಲೇನಿನಿಂದ ಒಂದು ಗಜ ಫೋನಿನ ಕಡೆಗೆ ನೆಡಿ, ಜೊತೆಗೆ ಅದನ್ನು ಫಿನಿಶ್ ಗೆರೆಯಿಂದ ಅರ್ಧ ಗಜ ಒಳಕ್ಕೆ, ಆರಂಭದ ದಿಕ್ಕಿಗೆ ಸರಿಸಿ. ಹೀಗೆ ಮಾಡಿದರೆ ಓರೆ ನೋಟದಿಂದ ಬರುವ ತಪ್ಪು ಹೋಗುತ್ತದೆ. ಕೈ ನೆಲ ಬಿಟ್ಟ ಫ್ರೇಮಿನಿಂದ ಎದೆ ಕಂಬದ ನೇರಕ್ಕೆ ಬಂದ ಫ್ರೇಮಿನವರೆಗೆ ಎಣಿಸಿ. 1130 ಫ್ರೇಮ್ ಬಂದರೆ 240ರಿಂದ ಭಾಗಿಸಿ: 4.708, ಅಂದರೆ 4.71. ನಿಧಾನಗತಿಗೆ ಬದಲಾಯಿಸಿ ಕಳುಹಿಸಿದ ಪ್ರತಿಯಲ್ಲಿ ಎಣಿಸಬೇಡಿ, ಫೋನಿನಲ್ಲಿರುವ ಮೂಲ ವಿಡಿಯೊದಲ್ಲೇ ಎಣಿಸಿ. ಫ್ರೇಮ್ ದರ ನಿಜಕ್ಕೂ 240 ಇದೆಯೇ ಎಂದು ಅದರ ವಿವರದಲ್ಲಿ ನೋಡಿಕೊಳ್ಳಿ. ಬಂದ ಸಂಖ್ಯೆ ಕೋಚ್ ಹೇಳಿದ್ದಕ್ಕಿಂತ ಎರಡು-ಮೂರು ಹತ್ತನೇ ಸೆಕೆಂಡ್ ಹೆಚ್ಚಿದ್ದರೆ ಮಗನನ್ನು ಬೈಯಬೇಡಿ, ಅವನು ನಿಧಾನವಾಗಿಲ್ಲ. ವಸಂತದಲ್ಲಿ ಅವನನ್ನು ಶಾಲೆಯ ಟ್ರ್ಯಾಕ್ ತಂಡಕ್ಕೂ ಸೇರಿಸಿ. ಅಲ್ಲಿ ಸಿಗುವ ಸಮಯಕ್ಕೆ ಯಾರ ಶಿಫಾರಸೂ ಬೇಡ.

ಮುಂದಿನ ಜೂನ್ ತಿಂಗಳ ಕ್ಯಾಂಪ್‌ಗಳಿಗೆ ಫಲಿತಾಂಶದ ನಮೂನೆಗಳನ್ನು ಅಚ್ಚು ಹಾಕಿಸುವಾಗ ಸಮಯದ ಕಾಲಂ ಪಕ್ಕದಲ್ಲಿ ಆರಂಭ, ಅಂತ್ಯ, ಗಾಳಿ, ಎಲ್ಲ ಓಟಗಳು ಎಂಬ ನಾಲ್ಕು ಕಾಲಂ ಸೇರಿಸಿ ಎಂದು ಕೋರುತ್ತೇವೆ. ತುಂಬಿಸಿದ ನಮೂನೆಯ ಒಂದು ಪ್ರತಿಯನ್ನು ಓಡಿದ ಹುಡುಗನ ಕೈಗೂ ಕೊಡಿ.

ಇಂತಿ,
ಟ್ರ್ಯಾಕ್ ಪಕ್ಕ ಸಮಯ ದಾಖಲಿಸುವ ಕೆಲಸದ ಕೆಲವು ಕನ್ನಡಿಗರು